ಬೇಸಿಗೆಯಲ್ಲಿ ಎಸಿ: ರಿಮೋಟ್‌ಗಿಂತ ಮುಂಚೆ ಕಿಟಕಿ ನೋಡಿ

ಬೇಸಿಗೆ ಬಂತೆಂದರೆ ಎಲ್ಲರ ಪ್ರಶ್ನೆಯೂ ರಿಮೋಟ್ ಬಗ್ಗೆಯೇ. 24ಕ್ಕೆ ಇಡಬೇಕಾ 26ಕ್ಕಾ, ಯಾವ ಮೋಡ್ ಒಳ್ಳೆಯದು, ರಾತ್ರಿಯೆಲ್ಲ ಓಡಿಸಿದರೆ ಬಿಲ್ ಎಷ್ಟಾಗಬಹುದು. ಇವೆಲ್ಲ ಬೇಕಾದ ಪ್ರಶ್ನೆಗಳೇ, ಉತ್ತರವೂ ಮುಂದೆ ಬರುತ್ತದೆ. ಆದರೆ ನನ್ನ ಪ್ರಕಾರ ರಿಮೋಟ್ ಕೊನೆಯ ಕೆಲಸ. ಅದಕ್ಕಿಂತ ಮುಂಚೆ ಕಿಟಕಿ, ಬಾಗಿಲು, ತಾರಸಿ, ಫಿಲ್ಟರ್ ನೋಡಬೇಕು. ಅಲ್ಲಿ ಸೋರಿಹೋಗುತ್ತಿರುವುದನ್ನು ನಿಲ್ಲಿಸದೆ ಬರೀ ಡಿಗ್ರಿ ಏರಿಸಿ ಇಳಿಸಿ ಕೂತರೆ ಸೆಖೆಯೂ ಹೋಗುವುದಿಲ್ಲ, ಕರೆಂಟ್ ಬಿಲ್ಲೂ ಇಳಿಯುವುದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಎಸಿ ಏನು ಮಾಡುತ್ತದೆ ಅಂತ ಮೊದಲು ಗೊತ್ತಿರಬೇಕು. ಎಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಹಾಕುತ್ತದೆ, ಅಷ್ಟೇ. ಒಳಗಿನ ಯೂನಿಟ್‌ನ ಕಾಯಿಲ್‌ನಲ್ಲಿ, ಅಂದರೆ ಸುರುಳಿ ಕೊಳವೆಯಲ್ಲಿ, ಎಸಿಯ ಗ್ಯಾಸ್ ದ್ರವದಿಂದ ಆವಿಯಾಗುವಾಗ ಕೋಣೆಯ ಗಾಳಿಯಿಂದ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಗಾಳಿಗಿಂತಲೂ ಬಿಸಿ ಮಾಡುತ್ತದೆ. ಆಮೇಲೆ ಅದು ಹೊರಗಿನ ಯೂನಿಟ್‌ನಲ್ಲಿ ಶಾಖ ಬಿಟ್ಟು, ದ್ರವವಾಗಿ ಮತ್ತೆ ಒಳಗೆ ಬರುತ್ತದೆ. ಬಾವಿಯಿಂದ ನೀರೆತ್ತುವ ಪಂಪ್ ಇದ್ದ ಹಾಗೆ ಅಂದುಕೊಳ್ಳಿ. ಬಾವಿ ಆಳವಾದಷ್ಟೂ ಕರೆಂಟ್ ಜಾಸ್ತಿ ಬೇಕು, ಎತ್ತಬೇಕಾದ ನೀರು ಹೆಚ್ಚಾದಷ್ಟೂ ಜಾಸ್ತಿ ಬೇಕು. ಇಲ್ಲಿ ಆಳ ಅಂದರೆ ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರ. ನೀರು ಅಂದರೆ ಕೋಣೆಗೆ ನುಗ್ಗುವ ಶಾಖ. ರಿಮೋಟ್ ಬದಲಿಸುವುದು ಮುಖ್ಯವಾಗಿ ಆ ಅಂತರವನ್ನು. ನುಗ್ಗುವ ಶಾಖವನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.

ಇನ್ನೊಂದು ಅಳತೆ ತಲೆಯಲ್ಲಿರಲಿ, ಮುಂದೆ ಲೆಕ್ಕ ಹಾಕಲು ಸುಲಭ. 1 ಟನ್ ಎಸಿ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ ಸುಮಾರು 3,500 ವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಟನ್ ಅನ್ನುವುದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ಕಾಲದ ಅಳತೆ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು.

ಬಿಸಿಲು ಗಾಜು ದಾಟುವ ಮುಂಚೆಯೇ ತಡೆಯಿರಿ

ನೆಟ್ಟ ಬಿಸಿಲು ಬೀಳುವ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚೆಂದರೆ ಸುಮಾರು 1,000 ವ್ಯಾಟ್ ಶಕ್ತಿ ಬರುತ್ತದೆ. ಸಂಜೆಯ ಬಿಸಿಲಿನಲ್ಲಿ ಅಷ್ಟು ಬಲ ಇರುವುದಿಲ್ಲ, ನಿಜ. ಆದರೆ ಸೂರ್ಯ ಕೆಳಗಿಳಿದಿರುವುದರಿಂದ ಪಶ್ಚಿಮದ ಕಿಟಕಿಗೆ ಅದು ನೇರವಾಗಿ ಬಡಿಯುತ್ತದೆ. ಒಂದೂವರೆ ಚದರ ಮೀಟರ್ ಗಾಜಿನಿಂದ 700 ವ್ಯಾಟ್ ಒಳಗೆ ಬಂತು ಅಂತಿಟ್ಟುಕೊಳ್ಳಿ. 1 ಟನ್ ಎಸಿಯ ಐದರಲ್ಲಿ ಒಂದು ಪಾಲು ದುಡಿಮೆ ಆ ಒಂದು ಕಿಟಕಿಗೇ ಹೋಯಿತು. ಅದೂ ಹೊರಗೆ ಧಗೆ ಏರಿ, ಗೋಡೆಯೆಲ್ಲ ಕಾದು ಎಸಿಗೆ ಕೆಲಸ ಅತಿ ಹೆಚ್ಚಿರುವ ಹೊತ್ತಿನಲ್ಲಿ.

ಇಲ್ಲಿ ಬಹಳ ಜನ ಮಾಡುವುದು ಏನೆಂದರೆ ಒಳಗಿನಿಂದ ದಪ್ಪ ಕರ್ಟನ್ ಹಾಕುವುದು. ಹಾಕದೇ ಇರುವುದಕ್ಕಿಂತ ಎಷ್ಟೋ ಮೇಲು. ಆದರೆ ಒಮ್ಮೆ ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಆ ಕರ್ಟನ್ ಮತ್ತು ಗಾಜಿನ ನಡುವೆ ಕೈ ಇಟ್ಟು ನೋಡಿ. ಬೆಂಕಿ ಹತ್ತಿರ ಇಟ್ಟಷ್ಟು ಕಾವು ತಾಗುತ್ತದೆ. ಬಿಸಿಲು ಆಗಲೇ ಗಾಜು ದಾಟಿ ಬಂದಿದೆ, ಬಟ್ಟೆ ಅದನ್ನು ಹೀರಿ ಬಿಸಿಯಾಗಿದೆ, ಆ ಬಿಸಿ ಕರ್ಟನ್‌ನ ಮೇಲಿನ ಸಂದಿಯಿಂದ ನಿಧಾನಕ್ಕೆ ಕೋಣೆಗೆ ಇಳಿಯುತ್ತಿದೆ. ಅದಕ್ಕೇ ಹೊರಗಿನ ನೆರಳು ಯಾವತ್ತೂ ಒಳಗಿನ ಕರ್ಟನ್‌ಗಿಂತ ಮೇಲು. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಶ್ಚಿಮದ ಕಿಟಕಿಗೆ ಹೊರಗಡೆ ಛಾವಣಿಯಂಥ ಮರೆ ಕಟ್ಟಿದರೆ ಬಿಸಿಲಿನ ಶಾಖ ಶೇಕಡಾ 77ರವರೆಗೂ ಕಡಿಮೆಯಾಗುತ್ತದೆ. ಬಿಳಿ ಪ್ಲಾಸ್ಟಿಕ್ ಒಳಪದರ ಇರುವ ಕರ್ಟನ್ ಒಳಗೆ ಹಾಕಿದರೆ ಕಡಿಮೆಯಾಗುವುದು ಶೇಕಡಾ 33.

ಹೊರಗೆ ಏನು ಕಟ್ಟಬಹುದು ಅಂದರೆ, ಬಿದಿರಿನ ತಟ್ಟಿ, ನೆರಳು ಬಲೆ, ಬಟ್ಟೆಯ ಮರೆ, ಕುಂಡದಲ್ಲಿ ಬೆಳೆಸಿದ ಬಳ್ಳಿ, ಯಾವುದಾದರೂ ಸರಿ. ಗಾಜಿಗೆ ಅಂಟಿಕೊಂಡಂತೆ ಬೇಡ, ನಡುವೆ ಗಾಳಿಯಾಡಲು ಒಂದು ಗೇಣು ಜಾಗ ಇರಲಿ. ಬಾಡಿಗೆ ಮನೆಯಲ್ಲಿದ್ದು ಹೊರಗೆ ಏನೂ ಕಟ್ಟುವ ಹಾಗಿಲ್ಲ ಅಂದರೆ ಒಳಗಿನ ಪರದೆ ತಿಳಿ ಬಣ್ಣದ್ದಿರಲಿ, ಗಾಜಿಗೆ ಆದಷ್ಟು ಹತ್ತಿರ ಇರಲಿ, ಮೇಲೆ ಕೆಳಗೆ ಸಂದಿ ಕಡಿಮೆ ಇರಲಿ. ಪೂರ್ವದ ಕಿಟಕಿಯ ಪರದೆಯನ್ನು ಬೆಳಗ್ಗೆಯೇ ಹಾಕಿ, ಪಶ್ಚಿಮದ್ದನ್ನು ಮಧ್ಯಾಹ್ನಕ್ಕೆ ಮುಂಚೆ ಹಾಕಿ. ಕೋಣೆ ಕಾದ ಮೇಲೆ ಹಾಕಿದರೆ ಅರ್ಧ ಪ್ರಯೋಜನ ಹೋದ ಹಾಗೆಯೇ.

ಮೇಲಿನ ಮಹಡಿಯವರಿಗೆ ಕಿಟಕಿಗಿಂತ ದೊಡ್ಡ ತೊಂದರೆ ತಾರಸಿಯದ್ದು. ಕಾಂಕ್ರೀಟ್ ಹಗಲೆಲ್ಲ ಶಾಖ ಕುಡಿದು ಸಂಜೆಯಿಂದ ರಾತ್ರಿಯವರೆಗೆ ಕೆಳಗೆ ಬಿಡುತ್ತಲೇ ಇರುತ್ತದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ತಣ್ಣನೆ ಗಾಳಿ ಇದ್ದರೂ ಒಳಗೆ ಬೇಯುತ್ತಿರುವುದು ಇದರಿಂದಲೇ. ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ ಬಳಿದರೆ ತಾರಸಿ ಕಾಯುವುದೇ ಕಡಿಮೆಯಾಗುತ್ತದೆ. ಇದಕ್ಕೆ ಒಮ್ಮೆ ಖರ್ಚಿದೆ, ಆಮೇಲೆ ಧೂಳು ಕೂತಾಗ ತೊಳೆಯಬೇಕು, ಅಷ್ಟೇ. ಹಳೆಯ ಎಸಿ ತೆಗೆದು ದೊಡ್ಡ ಎಸಿ ಹಾಕಿಸಬೇಕು ಅಂತ ಯೋಚಿಸುತ್ತಿದ್ದರೆ ದಯವಿಟ್ಟು ಮೊದಲು ಇದನ್ನು ಮಾಡಿಸಿ, ಒಂದು ಬೇಸಿಗೆ ನೋಡಿ.

ಸಂದಿಗಳು

ಬಾಗಿಲು ಮುಚ್ಚಿ ಎಸಿ ಹಾಕಿ. ಮೆತ್ತನೆಯ ಟಿಶ್ಯೂ ಕಾಗದದ ಒಂದು ಉದ್ದ ಪಟ್ಟಿ ಹರಿದುಕೊಂಡು ಬಾಗಿಲಿನ ಕೆಳಗಿನ ಸಂದಿ, ಕಿಟಕಿಯ ಅಂಚು, ಪೈಪ್ ಹೊರಗೆ ಹೋಗುವ ಗೋಡೆಯ ತೂತು ಇವುಗಳ ಮುಂದೆ ಹಿಡಿದು ನೋಡಿ. ಪಟ್ಟಿ ಅಲ್ಲಾಡಿದರೆ ಅಲ್ಲಿ ಗಾಳಿ ಓಡಾಡುತ್ತಿದೆ ಅಂತ ಅರ್ಥ. ಎಸಿಯ ಗಾಳಿ ನೇರ ತಾಗದ ಹಾಗೆ ನೋಡಿಕೊಳ್ಳಿ, ಇಲ್ಲವಾದರೆ ತಪ್ಪು ಲೆಕ್ಕ ಬರುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೆ ಸುತ್ತಿದ ಬಟ್ಟೆ ಇಟ್ಟರೂ ಸಾಕು. ಕಿಟಕಿಗೆ ಸ್ಪಾಂಜ್ ಪಟ್ಟಿ ಅಂಟಿಸಿ. ತಂಪು ಗಾಳಿ ಭಾರ, ಕೆಳಗೆ ಇಳಿಯುತ್ತದೆ, ಹಾಗಾಗಿ ಕೆಳಗಿನ ಸಂದಿಯಿಂದಲೇ ಜಾಸ್ತಿ ಸೋರುತ್ತದೆ.

ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಬಗ್ಗೆ ಎಚ್ಚರ ಇರಲಿ. ಮಲಗುವ ಕೋಣೆಗೆ ಸೇರಿಕೊಂಡಿರುವ ಬಚ್ಚಲಿನಲ್ಲಿ ಅದು ಓಡುತ್ತಿದ್ದರೆ ತಣ್ಣಗಾದ ಗಾಳಿಯನ್ನು ಎಳೆದು ಹೊರಗೆ ಹಾಕುತ್ತಿರುತ್ತದೆ, ಅಷ್ಟೇ ಬಿಸಿ ಗಾಳಿ ಬೇರೆ ಕಡೆಯಿಂದ ಒಳಗೆ ನುಗ್ಗುತ್ತದೆ. ಒಂದೇ ಕೊಳವೆ ಇರುವ ಪೋರ್ಟಬಲ್ ಎಸಿಯಲ್ಲೂ ಇದೇ ಕಷ್ಟ. ಅದು ಕೋಣೆಯ ಗಾಳಿಯನ್ನೇ ಬಳಸಿ ಶಾಖವನ್ನು ಹೊರಗೆ ಊದುತ್ತದೆ. ಒಳಗೊಂದು ಹೊರಗೊಂದು ಯೂನಿಟ್ ಇರುವ ಸ್ಪ್ಲಿಟ್ ಎಸಿ ಹಾಕಿಸಲು ಅನುಕೂಲ ಇದ್ದರೆ ಅದೇ ಒಳ್ಳೆಯದು.

ಹಾಗಂತ ದಿನವಿಡೀ ಬಿಗಿದು ಮುಚ್ಚಿಡಬೇಡಿ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತದೆ. ಹೊರಗೆ ಒಳಗಿಗಿಂತ ತಂಪಾಗಿರುವ ಹೊತ್ತು, ಅಂದರೆ ನಸುಕಿನಲ್ಲಿ ಅಥವಾ ತಡರಾತ್ರಿ, ಎದುರುಬದುರು ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಗೋಡೆ, ನೆಲ ಕೂಡ ಆಗ ಸ್ವಲ್ಪ ತಣಿಯುತ್ತವೆ.

ಸೆಖೆ ಬೇರೆ, ಬಿಸಿ ಬೇರೆ

ನಾವು ಎಸಿ ಹಾಕುವುದು ಬರೀ ಬಿಸಿಗಲ್ಲ, ಅಂಟಂಟು ಸೆಖೆಗೆ. ಎಸಿ ಹುಟ್ಟಿದ್ದೂ ಅದಕ್ಕೇ. 1902ರಲ್ಲಿ ವಿಲಿಸ್ ಕ್ಯಾರಿಯರ್ ಮೊದಲ ಯಂತ್ರವನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ತೇವ ತೆಗೆಯುವುದೇ ಆ ಯಂತ್ರದ ಮುಖ್ಯ ಕೆಲಸವಾಗಿತ್ತು.

ನಿಮ್ಮ ಎಸಿ ಎಷ್ಟು ತೇವ ತೆಗೆಯುತ್ತಿದೆ ಅಂತ ನೋಡಲು ಡ್ರೈನ್ ಪೈಪ್ ಕೆಳಗೆ ಒಂದು ಬಕೆಟ್ ಇಡಿ. ಒಂದು ಗಂಟೆ ಬಿಟ್ಟು ಅಳೆಯಿರಿ. ಒಂದು ಲೀಟರ್ ನೀರಿದ್ದರೆ, ಅಷ್ಟು ಆವಿಯನ್ನು ನೀರು ಮಾಡಲು ಎಸಿ ಸುಮಾರು 0.67 ಯೂನಿಟ್‌ನಷ್ಟು (ಒಂದು ಯೂನಿಟ್ ಅಂದರೆ 1,000 ವ್ಯಾಟ್ ಒಂದು ಗಂಟೆ) ಶಾಖವನ್ನು ಹೊರಗೆ ಹೊತ್ತು ಹಾಕಿದೆ. 1 ಟನ್ ಎಸಿಯಾದರೆ ಅದು ಅದರ ಪೂರ್ತಿ ದುಡಿಮೆಯ ಐದನೇ ಒಂದು ಪಾಲಿನ ಹತ್ತಿರ ಬರುತ್ತದೆ. ಥರ್ಮಾಮೀಟರ್‌ನಲ್ಲಿ ಒಂದು ಡಿಗ್ರಿಯೂ ಇಳಿಯದ ದುಡಿಮೆ ಇದು. ಎಸಿ ಹಾಕಿದ ಹೊಸದರಲ್ಲಿ ನೀರು ಜಾಸ್ತಿ ಬರುವುದು ಸಹಜ, ಕೋಣೆಯಲ್ಲಿದ್ದ ತೇವ ಬರುತ್ತಿರುತ್ತದೆ. ಮೂರು ನಾಲ್ಕು ಗಂಟೆ ಆದ ಮೇಲೂ ಅಷ್ಟೇ ಜೋರಾಗಿ ತೊಟ್ಟಿಕ್ಕುತ್ತಿದೆ ಅಂದರೆ ಎಲ್ಲೋ ಹೊರಗಿನ ತೇವದ ಗಾಳಿ ಒಳಗೆ ಬರುತ್ತಿದೆ. ಮತ್ತೆ ಟಿಶ್ಯೂ ಪಟ್ಟಿ ಹಿಡಿದು ಹುಡುಕಿ. ಆ ನೀರನ್ನು ಗಿಡಕ್ಕೆ ಹಾಕಬಹುದು, ನೆಲ ಒರೆಸಬಹುದು. ಕುಡಿಯಲು ಮಾತ್ರ ಬೇಡ.

ಹಾಗಾಗಿ ಬಿಸಿ ನೀರಿನ ಸ್ನಾನ ಆದ ಮೇಲೆ ಬಚ್ಚಲಿನ ಬಾಗಿಲು ಮುಚ್ಚಿ, ಹಬೆ ಹೊರಗೆ ಹೋಗುವವರೆಗೆ ಅದರ ಕಿಟಕಿ ತೆರೆದಿಡಿ. ಅಡುಗೆಮನೆಯ ಹಬೆ ಎಸಿ ಕೋಣೆಗೆ ಬರದಂತೆ ನೋಡಿಕೊಳ್ಳಿ. ಒದ್ದೆ ಬಟ್ಟೆಯನ್ನು ಎಸಿ ಕೋಣೆಯಲ್ಲಿ ಹರವಬೇಡಿ. ಬಟ್ಟೆ ಒಣಗುತ್ತದೆ ನಿಜ, ಆದರೆ ಆ ತೇವಕ್ಕೆ ಮೈ ಜಿಗುಟಾಗಿ, ನಿಮಗೇ ಗೊತ್ತಿಲ್ಲದ ಹಾಗೆ ಕೈ ರಿಮೋಟ್‌ಗೆ ಹೋಗಿ ಎರಡು ಡಿಗ್ರಿ ಇಳಿಸಿಬಿಡುತ್ತದೆ. ಏರ್ ಕೂಲರ್ ಮತ್ತು ಎಸಿ ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕುವುದೂ ಬೇಡ. ಕೂಲರ್ ತೇವ ತುಂಬುತ್ತದೆ, ಎಸಿ ಅದನ್ನೇ ತೆಗೆಯುತ್ತಾ ಕೂರುತ್ತದೆ.

ಡ್ರೈ ಮೋಡ್ ಇರುವುದು ಇಂಥ ಸೆಖೆಯ ದಿನಗಳಿಗೆ. ಹೊರಗೆ ಮೋಡ ಕವಿದಿದೆ, ಬಿಸಿಲಿಲ್ಲ, ಆದರೂ ಬೆವರು ಆರುತ್ತಿಲ್ಲ ಅನ್ನುವಾಗ ಹಾಕಿ ನೋಡಿ. ಒಳಗಿನ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ಗಾಳಿ ಕಾಯಿಲ್ ಮೇಲೆ ಹೆಚ್ಚು ಹೊತ್ತು ಇದ್ದು ತೇವ ಬಿಟ್ಟು ಹೋಗುತ್ತದೆ. ಸುಡು ಬಿಸಿಲಿನ ಒಣ ದಿನದಲ್ಲಿ ಡ್ರೈ ಮೋಡ್‌ನಿಂದ ಏನೂ ಸಿಗುವುದಿಲ್ಲ, ಕೂಲ್ ಮೋಡ್‌ನಲ್ಲೇ ಇಡಿ.

ಈಗ ರಿಮೋಟ್

16ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆ ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಹಾಗಾಗುವುದಿಲ್ಲ. ಹಳೆಯ ಮಾದರಿಯ ಎಸಿಯ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. 16 ಇದ್ದರೂ 25 ಇದ್ದರೂ ಅದು ಅದೇ ವೇಗದಲ್ಲಿ ಓಡುತ್ತದೆ, ನಿಲ್ಲುವ ಜಾಗ ಮಾತ್ರ ಬೇರೆ. ಕಂಪ್ರೆಸರ್ ವೇಗ ಬೇಕಾದಷ್ಟಕ್ಕೆ ಏರಿ ಇಳಿಯುವ ಇನ್ವರ್ಟರ್ ಎಸಿಯೂ ಕೋಣೆ ಚೆನ್ನಾಗಿ ಕಾದಿದ್ದಾಗ ತಾನಾಗಿಯೇ ಪೂರ್ತಿ ವೇಗಕ್ಕೆ ಹೋಗುತ್ತದೆ. ಬೇಗ ತಣ್ಣಗಾಗಬೇಕು ಅಂದರೆ ಮೊದಲು ಎರಡು ನಿಮಿಷ ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಜೋರಾಗಿ ಹಾಕಿ ಕೂಡಿಕೊಂಡಿರುವ ಬಿಸಿ ಗಾಳಿಯನ್ನು ಹೊರಗೆ ಅಟ್ಟಿ, ಆಮೇಲೆ ಕಿಟಕಿ ಮುಚ್ಚಿ ಎಸಿಯನ್ನು 26ಕ್ಕೆ ಇಟ್ಟು ಅದರ ಫ್ಯಾನ್ ವೇಗ ಹೆಚ್ಚು ಮಾಡಿ. ಕೋಣೆ ಹದಕ್ಕೆ ಬಂದ ಮೇಲೆ ಫ್ಯಾನ್ ವೇಗವನ್ನು ಆಟೋಗೆ ಬಿಡಿ.

ಎಷ್ಟಕ್ಕೆ ಇಡಬೇಕು? ಹೊರಗೆ 34 ಡಿಗ್ರಿ ಇದ್ದು ನೀವು 24ಕ್ಕೆ ಇಟ್ಟರೆ ಅಂತರ 10. 25ಕ್ಕೆ ಇಟ್ಟರೆ 9. ಅಂದರೆ ಗೋಡೆ, ಗಾಜಿನ ಮೂಲಕ ನುಸುಳುವ ಶಾಖ ಹತ್ತರಲ್ಲಿ ಒಂದು ಪಾಲು ಕಡಿಮೆಯಾಯಿತು. ಬಿಸಿಲು, ಮನುಷ್ಯರು, ಯಂತ್ರಗಳ ಶಾಖ ಇದರಿಂದ ಕಡಿಮೆಯಾಗುವುದಿಲ್ಲವಾದ್ದರಿಂದ ಬಿಲ್‌ನಲ್ಲಿ ಅಷ್ಟೂ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ ಡಿಗ್ರಿಗೆ ಶೇಕಡಾ 6ರ ಸುತ್ತಮುತ್ತ. ವಿಶ್ವ ಆರೋಗ್ಯ ಸಂಸ್ಥೆ ಬಿಸಿಗಾಳಿಯ ದಿನಗಳಿಗೆ ಕೊಡುವ ಸಲಹೆ ಇನ್ನೂ ಸರಳ: ಎಸಿಯನ್ನು 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಕೋಣೆ 4 ಡಿಗ್ರಿ ಕಡಿಮೆ ಇದ್ದಂತೆ ಅನಿಸುತ್ತದೆ, ತಂಪು ಮಾಡುವ ಖರ್ಚಿನಲ್ಲಿ ಶೇಕಡಾ 70ರವರೆಗೂ ಉಳಿಸಬಹುದು ಅನ್ನುತ್ತಾರೆ ಅವರು.

ಫ್ಯಾನ್ ಮತ್ತು ಎಸಿ ಒಟ್ಟಿಗೆ ಹಾಕಿದರೆ ಕರೆಂಟ್ ಡಬಲ್ ಆಗುವುದಿಲ್ವಾ ಅಂತ ಹೆದರುವವರಿದ್ದಾರೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಮೋಟರ್ ಇರುವ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಒಂದೂವರೆ ಟನ್ ಎಸಿ ಪೂರ್ತಿ ದುಡಿಯುವಾಗ ಸುಮಾರು 1,500 ವ್ಯಾಟ್. ಎಂಟು ಗಂಟೆಗೆ ಫ್ಯಾನ್ ತಿನ್ನುವುದು 0.6 ಯೂನಿಟ್, ಎಸಿ ಎಲ್ಲೂ ನಿಲ್ಲದೆ ಪೂರ್ತಿ ಓಡಿದರೆ 12 ಯೂನಿಟ್. ಫ್ಯಾನ್ ಇದೆ ಅಂತ ಎಸಿಯನ್ನು ಎರಡು ಡಿಗ್ರಿ ಮೇಲಿಟ್ಟರೆ ಫ್ಯಾನಿನ ಖರ್ಚು ತುಂಬಿ ಮಿಗುತ್ತದೆ. ಆದರೆ ಒಂದು ಮಾತು, ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ನಿಮ್ಮ ಮೈಯ ಬೆವರು ಆರಿಸುತ್ತದೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ಆರಿಸಿ. ಎಸಿ ಇಲ್ಲದ ಕೋಣೆಯಲ್ಲಿ ಗಾಳಿ 40 ಡಿಗ್ರಿ ದಾಟಿದ್ದರೆ ಫ್ಯಾನ್ ನಂಬಿ ಕೂರಬೇಡಿ. ಮೈಗಿಂತ ಬಿಸಿಯಾದ ಗಾಳಿಯನ್ನು ಅದು ಮೈಮೇಲೆ ಸುರಿಯುತ್ತದೆ.

ಎಸಿಯ ಬಾಯಲ್ಲಿ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಗಳನ್ನು ನೆಲಕ್ಕೆ ತಿರುಗಿಸಬೇಡಿ. ಮಟ್ಟಸವಾಗಿ ಅಥವಾ ಸ್ವಲ್ಪ ಮೇಲಕ್ಕೆ ಇಟ್ಟರೆ ತಂಪು ಗಾಳಿ ಕೋಣೆಯ ಆ ತುದಿಯವರೆಗೆ ಹೋಗಿ ತಾನಾಗಿಯೇ ಕೆಳಗಿಳಿಯುತ್ತದೆ. ಕೆಳಕ್ಕೆ ಇಟ್ಟರೆ ಎಸಿಯ ಕೆಳಗೆ ಕೂತವರಿಗೆ ನಡುಕ, ಆಚೆ ಕೂತವರಿಗೆ ಬೆವರು, ಆಮೇಲೆ ರಿಮೋಟ್‌ಗಾಗಿ ಜಗಳ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ವಯಸ್ಸಾದವರು, ಎಳೆ ಮಕ್ಕಳು, ಗರ್ಭಿಣಿಯರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಇದ್ದರೆ ಬಿಸಿಗಾಳಿಯ ದಿನಗಳಲ್ಲಿ ಬಿಲ್ ನೋಡಿ ಎಸಿ ಆರಿಸಬೇಡಿ. ವಯಸ್ಸಾದವರಿಗೆ ದೇಹ ಕಾಯುತ್ತಿರುವುದೂ, ಬಾಯಾರಿರುವುದೂ ಬೇಗ ಗೊತ್ತಾಗುವುದಿಲ್ಲ. ಕೆಲವು ಮಾತ್ರೆಗಳು ಬೆವರುವುದನ್ನೂ ಕಡಿಮೆ ಮಾಡುತ್ತವೆ. "ನನಗೇನೂ ಸೆಖೆ ಇಲ್ಲಪ್ಪ, ಸುಮ್ನೆ ಯಾಕೆ ಎಸಿ" ಅಂತ ಅವರು ಹೇಳಿದರೂ ಕೋಣೆಯ ಥರ್ಮಾಮೀಟರ್ ನೋಡಿ ನೀವೇ ಹಾಕಿ. ಮನೆಯ ಎಲ್ಲ ಕೋಣೆಗೂ ಹಾಕಲು ಆಗದಿದ್ದರೆ ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿ. ಉಳಿತಾಯ ಮಾಡುವುದು ಬೇರೆ ಕಡೆ ಇರಲಿ.

ಹೊರಗೆ ಹೋಗುವಾಗ, ಮಲಗುವಾಗ

ಎರಡು ಗಂಟೆ ಹೊರಗೆ ಹೋಗುವುದಿದ್ದರೂ ಎಸಿ ಓಡುತ್ತಿರಲಿ, ಮತ್ತೆ ಮೊದಲಿನಿಂದ ತಣ್ಣಗೆ ಮಾಡಲು ಜಾಸ್ತಿ ಕರೆಂಟ್ ಬೇಕು ಅಂತ ಹೇಳುವವರಿದ್ದಾರೆ. ಇದು ತಪ್ಪು. ಕೋಣೆ ತಣ್ಣಗಿದ್ದಷ್ಟು ಹೊತ್ತೂ ಹೊರಗಿನ ಶಾಖ ಒಳಗೆ ನುಗ್ಗುತ್ತಲೇ ಇರುತ್ತದೆ, ಎಸಿ ಅದನ್ನು ಎತ್ತಿ ಹಾಕುತ್ತಲೇ ಇರಬೇಕು. ಆರಿಸಿದರೆ ಕೋಣೆ ಕಾಯುತ್ತಾ ಹೋದ ಹಾಗೆ ಅಂತರ ಕಡಿಮೆಯಾಗಿ, ನುಗ್ಗುವ ಶಾಖವೂ ಕಡಿಮೆಯಾಗುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಹೋಗುವುದಿದ್ದರೆ ಆರಿಸಿ. ಹತ್ತು ಹದಿನೈದು ನಿಮಿಷಕ್ಕೆ ಬೇಡ, ಎರಡು ಡಿಗ್ರಿ ಮೇಲಿಟ್ಟು ಹೋಗಿ. ಬರುವ ಅರ್ಧ ಗಂಟೆ ಮುಂಚೆ ಆನ್ ಆಗುವಂತೆ ಟೈಮರ್ ಇಡುವುದು ಒಳ್ಳೆಯ ಅಭ್ಯಾಸ.

ಆರಿಸಿದ ತಕ್ಷಣ ಮತ್ತೆ ಹಾಕಬೇಡಿ. ಒಳಗಿನ ಒತ್ತಡ ಸಮವಾಗಲು ಕಂಪ್ರೆಸರ್‌ಗೆ ಸುಮಾರು ಮೂರು ನಿಮಿಷ ಬೇಕು. ಬಹುತೇಕ ಎಸಿಗಳು ತಾವೇ ಕಾಯುತ್ತವೆ, ಆದರೂ ಗೋಡೆಯ ಸ್ವಿಚ್ ಹಿಡಿದು ಪಟಪಟ ಆಡಿಸುವುದು ಯಂತ್ರಕ್ಕೆ ಒಳ್ಳೆಯದಲ್ಲ.

ರಾತ್ರಿಗೆ ಸ್ಲೀಪ್ ಮೋಡ್ ಇದೆಯಲ್ವಾ, ಅದನ್ನು ಬಳಸಿ. ನಿದ್ದೆಯಲ್ಲಿ ದೇಹದ ಉಷ್ಣತೆ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಹೊರಗೂ ತಂಪಾಗುತ್ತಾ ಬರುತ್ತದೆ. ಸ್ಲೀಪ್ ಮೋಡ್ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಡಿಗ್ರಿ ಏರಿಸುತ್ತದೆ. ನಡುರಾತ್ರಿ ಚಳಿಯಾಗಿ ಎರಡು ಹೊದಿಕೆ ಎಳೆದುಕೊಳ್ಳುವಷ್ಟು ತಣ್ಣಗಿದ್ದರೆ ಸೆಟ್ಟಿಂಗ್ ತಪ್ಪಿದೆ ಅಂತಲೇ ಅರ್ಥ. ಇನ್ನು ಕೋಣೆಯೊಳಗಿನ ಯಂತ್ರಗಳು. ಟಿವಿ, ಕಂಪ್ಯೂಟರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಹಳೆಯ ಬಲ್ಬು, ಇವು ತಿನ್ನುವ ಕರೆಂಟ್ ಎಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನಿಂದಲೂ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ಮನುಷ್ಯರನ್ನು ಆಚೆ ಕಳಿಸಲಾಗುವುದಿಲ್ಲ, ಇಸ್ತ್ರಿ ಮಾಡುವ ಕೆಲಸವನ್ನು ಬೆಳಗ್ಗೆಗೆ ಬೇರೆ ಕೋಣೆಗೆ ಸಾಗಿಸಬಹುದು.

ಫಿಲ್ಟರ್, ಹೊರಗಿನ ಯೂನಿಟ್, ಗ್ಯಾಸ್

ಇಷ್ಟೆಲ್ಲ ಮಾಡಿ ಫಿಲ್ಟರ್ ತೊಳೆಯದೇ ಇದ್ದರೆ ಮಾಡಿದ್ದು ದಂಡ. ಫಿಲ್ಟರ್ ಕಟ್ಟಿಕೊಂಡರೆ ಕಾಯಿಲ್ ಮೇಲೆ ಗಾಳಿ ಹರಿಯುವುದಿಲ್ಲ, ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಕೆಲವೊಮ್ಮೆ ಕಾಯಿಲ್ ಮೇಲೆ ಮಂಜು ಕಟ್ಟಿ ಆಮೇಲೆ ಕರಗಿ ಗೋಡೆಯ ಮೇಲೆ ನೀರಿಳಿಯುತ್ತದೆ. ಕೊಳೆಯಾದ ಫಿಲ್ಟರ್ ಬದಲು ಸ್ವಚ್ಛವಾದದ್ದು ಹಾಕಿದರೆ ಶೇಕಡಾ 5ರಿಂದ 15ರಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದೂ ಮೇಲೆ ಹೇಳಿದ ಇಂಧನ ಇಲಾಖೆಯ ಲೆಕ್ಕವೇ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಸಾಕು. ಮೇನ್ ಸ್ವಿಚ್ ಆರಿಸಿ, ಮುಂದಿನ ಮುಚ್ಚಳ ಎತ್ತಿ, ಜಾಳಿಗೆಯನ್ನು ಎಳೆದು ತೆಗೆಯಿರಿ. ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಾಣದಿದ್ದರೆ ತಡವಾಗಿದೆ. ನಲ್ಲಿಯ ನೀರನ್ನು ಹಿಂಬದಿಯಿಂದ ಬಿಡಿ, ಆಗ ಧೂಳು ಬಂದ ದಾರಿಯಲ್ಲೇ ಹೊರಗೆ ಬೀಳುತ್ತದೆ. ಮುಂದಿನಿಂದ ಬಿಟ್ಟರೆ ಇನ್ನೂ ಒಳಗೆ ಕೂರುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಬಿಸಿ ನೀರು, ಗಟ್ಟಿ ಬ್ರಷ್ ಬೇಡ.

ಹೊರಗಿನ ಯೂನಿಟ್‌ಗೆ ಬೇಕಾದ್ದು ಗಾಳಿ. ಸುತ್ತ ಎರಡು ಅಡಿ ಜಾಗ ಖಾಲಿ ಇರಲಿ. ಅದಕ್ಕೆ ಪೆಟ್ಟಿಗೆ ಕಟ್ಟುವುದು, ಮುಂದೆ ಕುಂಡ ಜೋಡಿಸುವುದು, ಮೇಲೆ ಹಳೆ ಸಾಮಾನು ಪೇರಿಸುವುದು ಇವೆಲ್ಲ ಅದರ ಉಸಿರು ಕಟ್ಟಿಸುತ್ತವೆ. ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ನೆರಳು ಇದ್ದರೆ ಒಳ್ಳೆಯದೇ, ಆದರೆ ಗಾಳಿಗೆ ಅಡ್ಡ ಬರುವ ನೆರಳು ಬೇಡ. ತಗಡಿನ ತೆಳು ಎಲೆಗಳ ನಡುವೆ ಧೂಳು ಕೂತಿದ್ದರೆ ಮೇನ್ ಆರಿಸಿ ನಿಧಾನ ಧಾರೆಯ ನೀರಿನಲ್ಲಿ ತೊಳೆಯಿರಿ. ಜೋರು ಪ್ರೆಷರ್ ಬಿಟ್ಟರೆ ಎಲೆಗಳು ಮಡಚಿಕೊಳ್ಳುತ್ತವೆ. ಯೂನಿಟ್ ಎತ್ತರದಲ್ಲಿ ಗೋಡೆಗೆ ನೇತಾಡುತ್ತಿದ್ದರೆ ನೀವು ಹತ್ತಬೇಡಿ, ಕೆಲಸ ಗೊತ್ತಿರುವವರನ್ನು ಕರೆಸಿ.

ತಂಪು ಕಡಿಮೆಯಾದಾಗ ಮೊದಲು ಕೇಳಿಬರುವ ಮಾತು "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಅಂತ. ಎಸಿ ಗ್ಯಾಸ್ ಬಳಸಿ ಮುಗಿಯುವ ವಸ್ತು ಅಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿಕೆ ಎಲ್ಲಿ ಅಂತ ತೋರಿಸಿ, ಅದನ್ನು ಮುಚ್ಚಿ, ಆಮೇಲೆ ತುಂಬಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಪ್ರತಿ ವರ್ಷ ಸುಮ್ನೆ ತುಂಬಿಸಿಕೊಳ್ಳುತ್ತಿದ್ದರೆ ಹಣವೂ ಹೋಗುತ್ತದೆ, ಭೂಮಿಯನ್ನು ಬಿಸಿ ಮಾಡುವ ಅನಿಲವೂ ಗಾಳಿಗೆ ಸೇರುತ್ತದೆ. ಎಸಿಗಳಲ್ಲಿ ಬಳಸುವ ಗ್ಯಾಸ್‌ಗಳಲ್ಲಿ ಒಂದಾದ ಆರ್-410ಎ ಒಂದು ಕಿಲೋ ಸೋರಿದರೆ ಅದು ನೂರು ವರ್ಷದ ಲೆಕ್ಕದಲ್ಲಿ 2,000 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್-32 ಅದರ ಮೂರನೇ ಒಂದು ಪಾಲಿನಷ್ಟು, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯಬಲ್ಲದು. ಆರ್-290 ಅಂದರೆ ಪ್ರೊಪೇನ್, ಅದಂತೂ ಚೆನ್ನಾಗಿ ಉರಿಯುತ್ತದೆ. ಹಾಗಾಗಿ ಗ್ಯಾಸ್ ಕೆಲಸಕ್ಕೆ ನೀವಾಗಿ ಕೈ ಹಾಕಬೇಡಿ.

ಸರ್ವಿಸ್‌ಗೆ ಕರೆಯುವ ಮುಂಚೆ ಒಂದು ಪರೀಕ್ಷೆ ನೀವೇ ಮಾಡಬಹುದು. ಫಿಲ್ಟರ್ ತೊಳೆದು ಹಾಕಿ, ಸೆಟ್ಟಿಂಗ್ ಪೂರ್ತಿ ಇಳಿಸಿ ಹದಿನೈದು ನಿಮಿಷ ಓಡಿಸಿ. ಥರ್ಮಾಮೀಟರನ್ನು ಮೊದಲು ಎಸಿ ಗಾಳಿ ಎಳೆದುಕೊಳ್ಳುವ ಮೇಲ್ಭಾಗದಲ್ಲಿ, ಆಮೇಲೆ ತಂಪು ಗಾಳಿ ಬರುವ ಬಾಯಲ್ಲಿ ಹಿಡಿಯಿರಿ. ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯಂತ್ರ ಸರಿಯಾಗಿದೆ, ತೊಂದರೆ ಕೋಣೆಯಲ್ಲಿದೆ. ಬಹಳ ಸೆಖೆಯ ದಿನ ಸ್ವಲ್ಪ ಕಡಿಮೆ ಬರಬಹುದು. ನಾಲ್ಕೈದು ಡಿಗ್ರಿ ಮಾತ್ರ ಇದ್ದರೆ ಯಂತ್ರವನ್ನು ತೋರಿಸಿ. ಕೈಯಲ್ಲಿ ಈ ಅಂಕಿ ಇದ್ದರೆ ಸರ್ವಿಸ್‌ಗೆ ಬಂದವರ ಜೊತೆ ಮಾತಾಡುವುದೂ ಸುಲಭ.

ಹೊಸದು ಕೊಳ್ಳುವವರಿಗೆ ಒಂದೇ ಮಾತು, ದೊಡ್ಡದು ಅಂದರೆ ಒಳ್ಳೆಯದು ಅಂತಲ್ಲ. ಕೋಣೆಗೆ ಮೀರಿದ ಒಂದೇ ವೇಗದ ಎಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಗಾಳಿ ತಣ್ಣಗಾಗುತ್ತದೆ, ಆದರೆ ತೇವ ತೆಗೆಯಲು ಹೊತ್ತು ಸಾಲದೆ ಜಿಗುಟು ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ದಿನವೂ ಹಲವು ಗಂಟೆ ಓಡಿಸುವವರಿಗೆ ಇನ್ವರ್ಟರ್ ಎಸಿ ಸರಿ.

ಯಾವುದು ನಿಮ್ಮ ಮನೆಯಲ್ಲಿ ಹೆಚ್ಚು ಕೆಲಸ ಮಾಡಿತು ಅಂತ ಮೀಟರ್ ನೋಡಿಯೇ ತಿಳಿಯಬೇಕು. ಮಲಗುವಾಗ ಮೀಟರ್‌ನ ಅಂಕಿ ಬರೆದಿಡಿ, ಎದ್ದ ತಕ್ಷಣ ಮತ್ತೆ ಬರೆಯಿರಿ, ಪಕ್ಕದಲ್ಲಿ ರಾತ್ರಿ ಹೊರಗೆ ಎಷ್ಟು ಡಿಗ್ರಿ ಇತ್ತು ಅಂತಲೂ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಈ ವಾರ ಪಶ್ಚಿಮದ ಕಿಟಕಿಗೆ ಹೊರಗೆ ಮರೆ ಕಟ್ಟಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಮುಂದಿನ ವಾರ ಬಾಗಿಲಿನ ಸಂದಿ, ಆಮೇಲೆ ಫ್ಯಾನ್ ಜೊತೆ 27. ಹೊರಗಿನ ಕಾವು ಹೆಚ್ಚು ಕಡಿಮೆ ಒಂದೇ ಇದ್ದ ರಾತ್ರಿಗಳನ್ನು ಮಾತ್ರ ಹೋಲಿಸಿ ನೋಡಿ.